ತಕ್ಕಡಿಯ ಚೆಂದದ ಕರಡು

ನಮ್ಮ ಕೋರ್ಟಿನಲ್ಲಿ ನ್ಯಾಯಾಧೀಶರು ಕೂರುವ ಪೀಠವನ್ನು ಎಲ್ಲರೂ ನೋಡಿದ್ದಾರೆ. ಆ ಪೀಠದ ಹಿಂದಿನ ಬಾಗಿಲು ದಾಟಿ, ಹಳೇ ಬೀರುಗಳ ಮಧ್ಯೆ ಮೈ ಓರೆ ಮಾಡಿಕೊಂಡು ನಡೆದು, ಸದಾ ಹಾಳೆ ಸಿಕ್ಕಿಸಿಕೊಂಡು ಕಿರುಗುಟ್ಟುವ ಪ್ರಿಂಟರನ್ನು ಸುತ್ತಿ ಹೋದರೆ ಸಿಗುವ ಕೋಣೆಯನ್ನು ಮಾತ್ರ ಯಾರೂ ನೋಡಿಲ್ಲ. ಅದು ನಮ್ಮದು. ಎರಡು ಮೇಜು, ಒಂದು ಕಿಟಕಿ, ಕಿಟಕಿಯಾಚೆ ಜೈಲಿನ ವ್ಯಾನು ನಿಲ್ಲುವ ಅಂಗಳ. ಒಂದು ಮೇಜಿನಲ್ಲಿ ನಾನು, ಇನ್ನೊಂದರಲ್ಲಿ ತಕ್ಕಡಿ.

ನಾವಿಬ್ಬರೂ ವಕೀಲರೇ. ಆದರೆ ಕೋಟು ಹಾಕಿಕೊಂಡು ವಾದ ಮಾಡುವ ವಕೀಲರಲ್ಲ. ಕ್ರಿಮಿನಲ್ ಕೇಸು ನಡೆಸುವ ನ್ಯಾಯಾಧೀಶರಿಗೆ ಕಾನೂನು ಏನು ಹೇಳುತ್ತದೆ ಎಂದು ಬರೆದುಕೊಡುವುದು ನಮ್ಮ ಕೆಲಸ. ಫೈಲು ಓದುತ್ತೇವೆ, ಹಳೆಯ ತೀರ್ಪುಗಳನ್ನು ಕೆದಕುತ್ತೇವೆ, ಆದೇಶದ ಕರಡು ಬರೆಯುತ್ತೇವೆ. ಸಾಹೇಬರು ಅದನ್ನು ಓದಿ, ಬೇಕಾದರೆ ತಿದ್ದಿ, ಸಹಿ ಹಾಕುತ್ತಾರೆ. ಹೆಸರು ಅವರದು, ಬೆನ್ನುನೋವು ನಮ್ಮದು. ನಮ್ಮತ್ತೆ ಇವತ್ತಿಗೂ ನೆಂಟರ ಮುಂದೆ, "ನಮ್ಮ ಸೊಸೆ ಕೋರ್ಟಲ್ಲಿ ಅದೇನೋ ಬರೀತಾಳಂತೆ" ಎನ್ನುತ್ತಾರೆ. ಪೂರ್ತಿ ಸುಳ್ಳೇನೂ ಅಲ್ಲ.

ತಕ್ಕಡಿ ಎಂಬ ಹೆಸರು ಇಟ್ಟವಳು ನಾನೇ. ಯಾವುದನ್ನು ಕೇಳಿದರೂ ಅವಳು ಎರಡೂ ಕಡೆ ತೂಗದೆ ಬಾಯಿ ಬಿಡುವವಳಲ್ಲ. ಕಿಟಕಿ ಮುಚ್ಚಲಾ ಎಂದರೆ, "ಒಂದು ಕಡೆಯಿಂದ ನೋಡಿದ್ರೆ ಧೂಳು ಬರ್ತಿದೆ, ಇನ್ನೊಂದು ಕಡೆಯಿಂದ ನೋಡಿದ್ರೆ ಸೆಕೆ" ಎನ್ನುತ್ತಾಳೆ. ಅಷ್ಟರಲ್ಲಿ ನಾನು ಎದ್ದು ಹೋಗಿ ಮುಚ್ಚಿ ಬಂದಿರುತ್ತೇನೆ. ಮನೆಯಲ್ಲೂ ಇದೇ ಕಥೆ. ಅವಳ ಮಗಳು ಬಟ್ಟೆ ಅಂಗಡಿಯಿಂದ ಫೋನು ಮಾಡಿ ನೀಲಿಯೋ ಹಳದಿಯೋ ಎಂದು ಕೇಳುವುದನ್ನು ಬಿಟ್ಟು ವರ್ಷಗಳಾದವು. ಈಗ ನೇರ ನನಗೆ ಮಾಡುತ್ತಾಳೆ. ಗಂಡ ಶಾಲೆಯಲ್ಲಿ ಗಣಿತ ಹೇಳಿಕೊಡುವ ಶಾಂತ ಮನುಷ್ಯ. "ಮದುವೆಗೆ ಒಪ್ಪಿಗೆ ಇದೆಯಾ ಅಂತ ಕೇಳಿದ್ದಕ್ಕೆ ಇವಳು ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ ಅಕ್ಕಾ. ಕಾಯ್ತಾ ಇದೀನಿ" ಎಂದು ನನ್ನ ಮುಂದೆಯೇ ಹೇಳಿದ್ದಾರೆ. ತಕ್ಕಡಿ ಅದಕ್ಕೂ ನಗಲಿಲ್ಲ, ಯೋಚಿಸಿದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹತ್ತು ಪುಟದ ಫೈಲನ್ನು ಐದು ಪುಟ ಓದುವಷ್ಟರಲ್ಲೇ ನನಗೊಂದು ಅಭಿಪ್ರಾಯ ಹುಟ್ಟಿರುತ್ತದೆ. ಹಾಗಾಗಿ ಇವಳು ಮೀನಮೇಷ ಎಣಿಸುವುದನ್ನು ನೋಡಿದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಆದರೂ ಮನಸ್ಸು ಬಿಚ್ಚಿ ಹೇಳಬೇಕೆಂದರೆ, ಆ ಕಟ್ಟಡದಲ್ಲಿ ನನಗೆ ಇವಳಷ್ಟು ಇಷ್ಟವಾದವರು ಬೇರೆ ಯಾರೂ ಇಲ್ಲ.

ತಕ್ಕಡಿ ಕೆಲಸ ಮಾಡುವುದು ರೇಡಿಯೋ ಸಾಹೇಬರಿಗೆ. ಇದೂ ಕೋರ್ಟಿನವರು ಇಟ್ಟ ಹೆಸರೇ. ಅವರ ಕಂಠ ಅಂಥದ್ದು. ಅವರು ಕೇಸು ಮುಂದೂಡಿ ವಾಯಿದೆ ಕೊಟ್ಟರೂ ಜನ ಎರಡು ಕ್ಷಣ ಸುಮ್ಮನಾಗಿ ಕೇಳುತ್ತಾರೆ. ಮೇಜಿನ ಮೇಲೆ ಸದಾ ಬಿಸಿನೀರಿನ ಫ್ಲಾಸ್ಕು, ಪಕ್ಕದಲ್ಲಿ ಜೇನುತುಪ್ಪದ ಸಣ್ಣ ಸೀಸೆ. ಫ್ಯಾನು ಹಾಕಿಸುವುದಿಲ್ಲ, ಗಂಟಲು ಕೆಡುತ್ತದಂತೆ.

ಕಷ್ಟದ ಕೇಸು ಬಂದಾಗ ಅವರಿಗೆ ಎರಡು ಕರಡು ಬೇಕು. ಒಂದರಲ್ಲಿ ಕೇಳಿದ್ದನ್ನು ಕೊಟ್ಟ ಆದೇಶ, ಇನ್ನೊಂದರಲ್ಲಿ ಕೊಡದ ಆದೇಶ. ತಕ್ಕಡಿ ಎರಡನ್ನೂ ಬರೆದು ಸಂಜೆ ಅವರ ಮೇಜಿನ ಮೇಲೆ ಇಟ್ಟು ಬರುತ್ತಾಳೆ. ಯಾವುದು ಸರಿ ಎಂದು ಅವಳು ಹೇಳುವ ಹಾಗಿಲ್ಲ, ಅವರು ಕೇಳುವ ಹಾಗಿಲ್ಲ. ಇದು ಅವರಿಬ್ಬರೇ ಮಾಡಿಕೊಂಡ ಮಡಿ. ಮರುದಿನ ಬೆಳಿಗ್ಗೆ ಸಾಹೇಬರು ಚೇಂಬರಿನಲ್ಲಿ ಎರಡನ್ನೂ ಗಟ್ಟಿಯಾಗಿ ಓದುತ್ತಾರೆ. ನಮ್ಮ ನಡುವಿನ ಗೋಡೆ ತೆಳು, ಪದಗಳು ಸ್ಪಷ್ಟವಾಗದಿದ್ದರೂ ದನಿಯ ಏರಿಳಿತವೆಲ್ಲ ಕೇಳಿಸುತ್ತದೆ. "ಸರಿಯಾದ ತೀರ್ಪು ಓದುವಾಗ ನಾಲಿಗೆ ತೊಡರೋದಿಲ್ಲ ಮೇಡಂ" ಎಂದು ಅವರು ಒಮ್ಮೆ ನನಗೇ ಹೇಳಿದ್ದರು. ನಾನು ಹೂಂ ಎಂದಿದ್ದೆ. ಜೇನುತುಪ್ಪದ ಪ್ರಭಾವ ಇರಬೇಕು ಎಂದುಕೊಂಡಿದ್ದೆ.

ಇನ್ನು ಕ್ಷೌರಿಕನ ಕೇಸು.

ಅವನಿಗೂ ಅವನ ಭಾವನಿಗೂ, ಅಂದರೆ ಅಕ್ಕನ ಗಂಡನಿಗೂ, ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಜಗಳ ಹತ್ತಿತ್ತು. ಮಾತಿಗೆ ಮಾತು ಬೆಳೆದು ಕ್ಷೌರಿಕ ಮರದ ಸ್ಟೂಲು ಎತ್ತಿ ಬೀಸಿದ. ಭಾವನ ಬಲಗೈ ಮಣಿಕಟ್ಟು ಮುರಿಯಿತು. ಒಂದು ವರ್ಷ ಜೈಲು ಎಂದಾಯಿತು. ಆದರೆ ಮೊದಲ ತಪ್ಪು ಎಂದು ಸಾಹೇಬರು ಶಿಕ್ಷೆಯನ್ನು ತಡೆಹಿಡಿದು, ಷರತ್ತು ಹಾಕಿ ಮನೆಗೆ ಕಳಿಸಿದ್ದರು. ಈಗಿರುವ ಕೆಲಸ ಬಿಡಬಾರದು, ಇದೊಂದು ಷರತ್ತು. ಭಾವನ ಮನೆ ಇರುವ ಬೀದಿಗೆ ಕಾಲಿಡಬಾರದು, ಇದು ಇನ್ನೊಂದು. ಯಾವುದನ್ನು ಮುರಿದರೂ ವರ್ಷಪೂರ್ತಿ ಒಳಗೆ.

ಆಮೇಲೆ ಆಗಿದ್ದೇನೆಂದರೆ, ಅವನು ಕೆಲಸ ಮಾಡುತ್ತಿದ್ದ ಸಲೂನಿನ ಮಾಲೀಕ ಅಂಗಡಿಯನ್ನು ಬೇರೆ ಕಡೆಗೆ ಸಾಗಿಸಿದ. ಬೇರೆ ಕಡೆ ಎಂದರೆ ಊರಿನಲ್ಲಿ ಅಷ್ಟೊಂದು ಬೀದಿಗಳಿದ್ದೂ, ಸರಿಯಾಗಿ ಭಾವನ ಬೀದಿಗೇ! ಹೋದರೆ ಒಂದು ಷರತ್ತು ಮುರಿಯುತ್ತದೆ, ಹೋಗದಿದ್ದರೆ ಇನ್ನೊಂದು. ಕೋರ್ಟಿಗೆ ಬಂದು ಹೇಳಿಕೊಳ್ಳಬೇಕಿತ್ತು. ಕೋರ್ಟಿಗೆ ತಾನಾಗಿ ಬರುವಷ್ಟು ಧೈರ್ಯ ಯಾರಿಗಿರುತ್ತದೆ? ಅವನು ತಲೆ ತಗ್ಗಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದ.

ಇವನ ಮೇಲೆ ನಿಗಾ ಇಡುವ ಅಧಿಕಾರಿ ಒಂದು ದಿನ ಆ ದಾರಿಯಲ್ಲಿ ಹೋಗುವಾಗ ಗಾಜಿನೊಳಗೆ ಇಣುಕಿದ. ಕುರ್ಚಿಯಲ್ಲಿ ಭಾವ ಕತ್ತು ಹಿಂದಕ್ಕೆ ಚೆಲ್ಲಿ ಒರಗಿದ್ದಾನೆ, ಗಂಟಲ ತುಂಬ ಸೋಪಿನ ನೊರೆ. ಆ ಗಂಟಲ ಮೇಲೆ ಕ್ಷೌರಿಕನ ಕತ್ತಿ. ಅಧಿಕಾರಿಯ ಜೀವವೇ ಬಾಯಿಗೆ ಬಂತಂತೆ. ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದರೆ ಭಾವ ಕಣ್ಣು ಕೂಡ ಬಿಡದೆ, "ಬಾಗಿಲು ಹಾಕ್ರಿ, ಧೂಳು ಬರುತ್ತೆ" ಎಂದನಂತೆ.

ವಿಚಾರಣೆಯ ದಿನ ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆ, ಇಂಥದ್ದನ್ನು ತಪ್ಪಿಸಿಕೊಳ್ಳುವವಳಲ್ಲ ನಾನು. ಸರ್ಕಾರಿ ವಕೀಲರು ಷರತ್ತು ಮುರಿದಿದ್ದಾನೆ ಎಂದಷ್ಟೇ ಹೇಳಿ ಕೂತರು. ಸಾಹೇಬರು ಭಾವನನ್ನು ಕೇಳಿದರು, "ನಿಮ್ಮ ರಕ್ಷಣೆಗೆ ಅಂತ ಆದೇಶ ಮಾಡಿದ್ದು. ನೀವೇ ಹೋಗಿ ಅವನ ಮುಂದೆ ಕತ್ತು ಚಾಚಿದ್ರಾ?"

"ಸ್ವಾಮಿ, ಮಣಿಕಟ್ಟು ಮುರಿದ ಮೇಲೆ ನನ್ನ ಕೈಲಿ ಶೇವ್ ಮಾಡ್ಕೊಳ್ಳೋಕೆ ಆಗ್ತಿಲ್ಲ," ಎಂದ ಭಾವ. "ಮುರಿದವನೇ ಮಾಡ್ಲಿ ಅಂತ ಹೋದೆ."

"ಹೆದರಿಕೆ ಆಗಲಿಲ್ವಾ?"

"ಅವನು ಸ್ಟೂಲು ಹಿಡಿದಾಗ ಹೆದರ್ತೀನಿ ಸ್ವಾಮಿ. ಕತ್ತಿ ಹಿಡಿದಾಗ ಅವನಷ್ಟು ಹುಷಾರಿ ಯಾರೂ ಇಲ್ಲ."

ಕೋರ್ಟು ನಕ್ಕಿತು. ಸಾಹೇಬರು ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿಕೊಂಡರು. ನಗದೆ ಕೂತಿದ್ದವಳು ಒಬ್ಬಳೇ, ಕ್ಷೌರಿಕನ ಅಕ್ಕ. ಒಂದು ಪಕ್ಕ ಗಂಡ, ಇನ್ನೊಂದು ಪಕ್ಕ ತಮ್ಮ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದಳು.

ಆ ಮಧ್ಯಾಹ್ನ ತಕ್ಕಡಿ ಫೈಲು ಓದುತ್ತಾ ಭಾವನ ಮಾತು ಬಂದಲ್ಲಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಅವಳು ನಗುವುದೇ ಅಪರೂಪ, ನಾನು ಟೀ ಲೋಟ ಕೆಳಗಿಟ್ಟು ನೋಡಿದೆ. ನಗು ನಿಂತ ಕೂಡಲೇ ಅವಳ ಮುಖ ಬಿಗಿಯಿತು. ಕುರ್ಚಿ ಎಳೆದುಕೊಂಡು ಬೆನ್ನು ನೆಟ್ಟಗೆ ಮಾಡಿ ಟೈಪು ಮಾಡತೊಡಗಿದಳು. ಒಂದು ಕರಡಿಗೆ ಸಂಜೆಯವರೆಗೂ ಕೂತಳು. ಇನ್ನೊಂದನ್ನು ಬಸ್ಸಿಗೆ ಹೊರಡುವ ಮೊದಲು ಮುಗಿಸಿಬಿಟ್ಟಳು.

ಮರುದಿನ ಬೆಳಿಗ್ಗೆ ಗೋಡೆಯಾಚೆ ಸಾಹೇಬರ ಕಂಠ ಕೇಳಿಸಿತು. ಒಂದು ಕರಡನ್ನು ಓದುತ್ತಾ ಮೂರು ಕಡೆ ತಡವರಿಸಿದರು, ಕೆಮ್ಮಿದರು, ನೀರು ಕುಡಿದರು, ಬಿಟ್ಟರು. ಇನ್ನೊಂದನ್ನು ಮೊದಲಿಂದ ಕೊನೆವರೆಗೆ ಎರಡು ಸಲ ಓದಿದರು. ತಕ್ಕಡಿ ಪೆನ್ನಿನ ಕ್ಯಾಪು ಕಚ್ಚುತ್ತಾ ಕೂತಿದ್ದಳು. ಏನಾಯ್ತೇ ಎಂದರೆ ಏನಿಲ್ಲ ಎಂದಳು. ನಾನು ಕೇಸು ಕೂಗುವ ಹೊತ್ತಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಕ್ಷೌರಿಕ ಹೊಸದಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಕೋರ್ಟು ಮುಗಿಸಿ ನೇರ ಕೆಲಸಕ್ಕೆ ಹೋಗುವ ಲೆಕ್ಕದಲ್ಲಿ ಬಂದಿದ್ದಾನೆ ಎಂದು ನೋಡಿದರೇ ತಿಳಿಯುತ್ತಿತ್ತು.

ಸಾಹೇಬರು ಓದಿದರು. ಎಂಥ ಓದು! "ರಕ್ಷಣೆಯ ಆದೇಶವೆಂಬುದು ರಕ್ಷಣೆ ಪಡೆದವನ ಸ್ವತ್ತಲ್ಲ. ಅದು ನ್ಯಾಯಾಲಯ ಕೊಟ್ಟ ಮಾತು. ಕೊಟ್ಟ ಮಾತನ್ನು ಹಿಂಪಡೆಯುವ ಅಧಿಕಾರ ಮಾತು ಕೊಟ್ಟವರಿಗಲ್ಲದೆ ಇನ್ನಾರಿಗೂ ಇಲ್ಲ. ಗಾಯಗೊಂಡವನು ಕ್ಷಮಿಸಬಹುದು; ಆದೇಶ ಕ್ಷಮಿಸುವುದಿಲ್ಲ." ಕಂಬಕ್ಕೆ ಒರಗಿದ್ದ ಪೊಲೀಸಿನವನೂ ನೆಟ್ಟಗೆ ನಿಂತ. ಸರ್ಕಾರಿ ವಕೀಲರು ತಮಗೇ ಗೊತ್ತಿಲ್ಲದ ತಮ್ಮ ವಾದವನ್ನು ಬಾಯಿ ತೆರೆದು ಕೇಳಿದರು. ನನ್ನ ಮೈಯೂ ಜುಮ್ಮೆಂದಿತು. ಕೊನೆಯ ಸಾಲಿಗೆ ಬಂದಾಗಲೇ ನನಗೆ ಎಚ್ಚರವಾಗಿದ್ದು. ಒಂದು ವರ್ಷದ ಶಿಕ್ಷೆ ಈ ಕ್ಷಣದಿಂದ ಜಾರಿ.

ಕ್ಷೌರಿಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಪೊಲೀಸಿನವನು ತೋಳು ಹಿಡಿದಾಗ ಜೇಬಿನಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದು ಭಾವನ ಕೈಗಿಟ್ಟ. "ಭಾವ, ಕತ್ತರಿ, ಕತ್ತಿ ಎಲ್ಲ ಗೇಟಲ್ಲಿ ಇಟ್ಕೊಂಡಿದಾರೆ. ಇದು ಕೊಟ್ರೆ ಕೊಡ್ತಾರೆ. ಒದ್ದೆ ಬಿಡಬೇಡಿ, ತುಕ್ಕು ಹಿಡಿಯುತ್ತೆ." ಅಕ್ಕ ಕೂತಲ್ಲೇ ಮುಖ ಮುಚ್ಚಿಕೊಂಡಳು. ಭಾವ ಆ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿಯಲು ಹೋದ, ಮುರಿದು ಕೂಡಿದ ಕೈ ಪೂರ್ತಿ ಮಡಚಿಕೊಳ್ಳಲಿಲ್ಲ. ಎಡಗೈಗೆ ಬದಲಾಯಿಸಿಕೊಂಡ.

ನನಗೆ ಸಿಟ್ಟು ನೆತ್ತಿಗೇರಿತು. ಬೀರುಗಳ ಮಧ್ಯೆ ಹೆಗಲು ಉಜ್ಜಿಕೊಂಡು ಕೋಣೆಗೆ ನುಗ್ಗಿದೆ.

"ಕಲ್ಲು ಮನಸ್ಸು ಕಣೇ ನಿಂದು! ನಿನ್ನೆ ಅಷ್ಟು ನಕ್ಕಿದ್ದು ಇದನ್ನ ಬರೆಯೋಕಾ?"

ತಕ್ಕಡಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ತಿರುಗಿದಾಗ ನೋಡಿದೆ, ಮುಖದಲ್ಲಿ ರಕ್ತವಿರಲಿಲ್ಲ.

"ಅದನ್ನೇ ಓದಿದ್ರಾ?" ಎಂದಳು.

"ಅದನ್ನೇ ಓದಿದ್ರಾ ಅಂದ್ರೆ? ನೀನೇ ತಾನೇ ಬರೆದಿದ್ದು?"

"ಎರಡೂ ಬರೆದೆ. ಆದ್ರೆ ನನಗೆ ಅವನು ಮನೆಗೆ ಹೋಗಬೇಕಿತ್ತು ಕಣೇ. ಅವನು ಬೇಕಂತ ಮುರಿದಿಲ್ಲ, ನಾವೇ ಹೇಳಿದ ಒಂದು ಷರತ್ತು ಪಾಲಿಸೋಕೆ ಹೋಗಿ ಇನ್ನೊಂದು ಮುರಿದಿದಾನೆ. ಬೇಕಂತ ಮುರಿದಿದ್ರೆ ಮಾತ್ರ ಒಳಗೆ ಹಾಕಬಹುದು. ಕಾನೂನು ಚೊಕ್ಕವಾಗಿ ಅವನ ಕಡೆಗಿದೆ."

"ಮತ್ತೆ?"

"ನನ್ನ ಮನಸ್ಸು ಅವನ ಕಡೆ ವಾಲಿಬಿಟ್ಟಿತ್ತಲ್ಲ. ನಕ್ಕೆನಲ್ಲ, ಆಗಲೇ ಗೊತ್ತಾಯ್ತು. ವಾಲಿದ ಕೈಲಿ ಬರೆದ್ರೆ ಮೋಸ ಆಗುತ್ತೆ ಅಂತ ಎದುರು ಕಡೆಯ ಕರಡನ್ನ ಚೆನ್ನಾಗಿ ಬರೆದೆ. ಇವನ ಕಡೆಯದನ್ನ ಕೈ ಬಿಗಿ ಹಿಡಿದು ಬರೆದೆ. ಯಾವಾಗಲೂ ಹಾಗೇ ಮಾಡೋದು."

ನಾನು ಕುರ್ಚಿಯ ಮೇಲೆ ಕುಸಿದೆ. ಇವಳು ಕೆಲಸಕ್ಕೆ ಸೇರಿದಾಗ ಒಬ್ಬ ಹಿರಿಯರು ಹೇಳಿದ್ದರಂತೆ, ಮನಸ್ಸು ಯಾವ ಕಡೆ ಎಳೆಯುತ್ತದೋ ಆ ಕಡೆ ಸ್ವಲ್ಪ ಹುಷಾರಾಗಿರು ಎಂದು. ಆ ಪುಣ್ಯಾತ್ಮರು ಸ್ವಲ್ಪ ಎಂದಿದ್ದರು. ಇವಳು ಅದನ್ನು ವ್ರತ ಮಾಡಿಕೊಂಡುಬಿಟ್ಟಿದ್ದಾಳೆ.

"ಕೊಡು ಆ ಇನ್ನೊಂದನ್ನ," ಎಂದು ಕಿತ್ತುಕೊಂಡೆ. ಮನೆಗೆ ಕಳಿಸುವ ಕರಡು. ಕ್ಷೌರಿಕನ ಪ್ರಾಣವೆಲ್ಲ ಐದನೇ ಪ್ಯಾರಾದಲ್ಲಿತ್ತು. ಅದು ಹೀಗಿತ್ತು: "ಸದರಿ ಒಂದನೇ ಷರತ್ತಿನ ಪಾಲನಾರ್ಥವಾಗಿ ಎರಡನೇ ಷರತ್ತಿನ ಉಲ್ಲಂಘನೆಯು ಅನಿವಾರ್ಯವಾದಂತಹ ಸನ್ನಿವೇಶದಲ್ಲಿ ಉದ್ದೇಶಪೂರ್ವಕತೆಯನ್ನು ಪರಿಗಣಿಸತಕ್ಕದ್ದಲ್ಲವೆಂಬುದಾಗಿ ಭಾವಿಸಬಹುದಾದ ಸಾಧ್ಯತೆಯನ್ನು ಅಲ್ಲಗಳೆಯಲಾಗದು." ರೇಡಿಯೋ ಸಾಹೇಬರಿರಲಿ, ಇದನ್ನು ಓದಿದರೆ ಯಾರ ನಾಲಿಗೆಯೂ ಗಂಟು ಬೀಳುತ್ತದೆ. ಭಾವನ ಮಾತು ಇದ್ದಿದ್ದು ಎಂಟನೇ ಪ್ಯಾರಾದಲ್ಲಿ: "ಬಾಧಿತ ವ್ಯಕ್ತಿಯು ಸೇವೆ ಪಡೆದಿರುತ್ತಾರೆ." ಅಷ್ಟೇ.

"ಸೇವೆ ಪಡೆದಿರುತ್ತಾರಾ? ಗಂಟಲು ಕೊಟ್ಟು ಕೂತಿದ್ದ ಕಣೇ ಆ ಮನುಷ್ಯ! ಏಳು. ಸಾಹೇಬರ ಹತ್ತಿರ ನಡಿ."

"ಹೇಗೆ ಹೋಗಲಿ? ನನ್ನ ಅಭಿಪ್ರಾಯ ಹೇಳೋ ಹಾಗಿಲ್ಲ. ಅವರು ಕೋರ್ಟಲ್ಲಿ ಓದಿ ಆಯ್ತು. ಅವರು ಇವತ್ತಿನವರೆಗೆ ಓದಿದ ಆದೇಶ ವಾಪಸ್ ತಗೊಂಡಿಲ್ಲ."

"ಸಹಿ ಆಗಿದೆಯಾ?"

ಸಹಿ ಆಗಿರಲಿಲ್ಲ. ನಮ್ಮಲ್ಲಿ ಬೆಳಿಗ್ಗೆ ಓದಿದ ಆದೇಶಕ್ಕೆ ಮಧ್ಯಾಹ್ನ, ಊಟದ ನಂತರ ಸಹಿ ಬೀಳುತ್ತದೆ. ಅಲ್ಲಿಯವರೆಗೆ ಅದನ್ನು ತಿದ್ದಬಹುದು, ಬಿಡಬಹುದು. ಸಹಿಯಾದ ಪ್ರತಿ ಕೆಳಗೆ ಹೋದ ಮೇಲೆ ವ್ಯಾನು ಹೊರಡುತ್ತದೆ. ಆಮೇಲೆ ಮೇಲಿನ ಕೋರ್ಟಿಗೆ ಹೋಗಬೇಕು, ಅಲ್ಲಿ ಸರದಿ ಬರುವಷ್ಟರಲ್ಲಿ ಅವನ ವರ್ಷವೇ ಮುಗಿದಿರುತ್ತದೆ. ಕಿಟಕಿಯಾಚೆ ವ್ಯಾನಿನ ಡ್ರೈವರು ಟೈರಿಗೆ ಒದ್ದು ಗಾಳಿ ನೋಡುತ್ತಿದ್ದ. ತಕ್ಕಡಿಯೂ ಅವನನ್ನು ನೋಡಿದಳು. ನಾನು ಅವಳ ಮೊಣಕೈ ಹಿಡಿದು ಎಬ್ಬಿಸಿದೆ.

ಚೇಂಬರಿನಲ್ಲಿ ಸಾಹೇಬರು ಊಟ ಮುಗಿಸಿ ಗಂಟಲಿಗೆಂದು ಜೇನುತುಪ್ಪ ನೆಕ್ಕುತ್ತಿದ್ದರು. ಮುಂದೆ ಆದೇಶದ ಪ್ರತಿ, ಅದರ ಮೇಲೆ ಪೆನ್ನು.

"ಬನ್ನಿ ಬನ್ನಿ! ಮೇಡಂ, ಇವತ್ತಿನ ಕರಡು... ಆದೇಶ ಕ್ಷಮಿಸುವುದಿಲ್ಲ! ಎಂಥ ಸಾಲು! ಓದ್ತಾ ಓದ್ತಾ ನನಗೇ ಒಂಥರಾ ಆಯ್ತು."

"ಸರ್," ಎಂದಳು ತಕ್ಕಡಿ. "ಒಂದು ಕಡೆಯಿಂದ ನೋಡಿದ್ರೆ..."

ನಾನು ಹಿಂದಿನಿಂದ ಅವಳ ಸೊಂಟಕ್ಕೆ ಚಿವುಟಿದೆ.

"ಒಂದು ಕಡೆಯಿಂದ ನೋಡಿದ್ರೆ ಆದೇಶದ ಘನತೆ ಮುಖ್ಯ. ಇನ್ನೊಂದು ಕಡೆಯಿಂದ..."

ಸಾಹೇಬರು ತಲೆದೂಗುತ್ತಾ ಪೆನ್ನು ಎತ್ತಿಕೊಂಡರು. ಕ್ಯಾಪು ತೆಗೆದರು.

"ತಪ್ಪು ಸರ್!" ಎಂದಳು ತಕ್ಕಡಿ.

ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ ಎಂದು ಕಾಣುತ್ತದೆ, ಬೆಚ್ಚಿ ಅತ್ತಿತ್ತ ನೋಡಿದಳು. ಆಮೇಲೆ ಮೇಜಿನ ಅಂಚು ಹಿಡಿದುಕೊಂಡು ಒಂದೇ ಉಸಿರಿಗೆ ಹೇಳಿದಳು. "ಆ ಆದೇಶ ತಪ್ಪು. ನನ್ನ ಅಭಿಪ್ರಾಯ ಹೇಳ್ತಿದೀನಿ, ಕ್ಷಮಿಸಿ. ಅವನು ಬೇಕಂತ ಮುರಿದಿಲ್ಲ. ಕೆಲಸ ಬಿಡಬೇಡ ಅಂದವರು ನಾವು, ಆ ಬೀದಿಗೆ ಹೋಗಬೇಡ ಅಂದವರೂ ನಾವು. ಅವನು ಮನೆಗೆ ಹೋಗಬೇಕು ಸರ್."

ಸಾಹೇಬರ ಪೆನ್ನು ಗಾಳಿಯಲ್ಲೇ ನಿಂತಿತು. "ಹಾಗಾದ್ರೆ ಜೈಲಿಗೆ ಕಳಿಸೋದನ್ನ ಇಷ್ಟು ಚೆನ್ನಾಗಿ ಯಾಕೆ ಬರೆದ್ರಿ?"

"ಮನೆಗೆ ಕಳಿಸಬೇಕು ಅಂತ ನನಗೆ ತುಂಬ ಅನಿಸಿತ್ತು ಸರ್. ಅದಕ್ಕೆ."

ಹೊರಗಿನವರು ಯಾರಾದರೂ ಇದ್ದಿದ್ದರೆ ಇವಳಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಸಾಹೇಬರು ಹಾಗನ್ನಲಿಲ್ಲ. ಅವರಿಗೆ ಅರ್ಥವಾಯಿತು, ಅವರೂ ಅದೇ ಜಾತಿಯ ಪ್ರಾಣಿ. ಪೆನ್ನು ಕೆಳಗಿಟ್ಟು ಎರಡೂ ಕೈಯಿಂದ ಹಣೆ ಒತ್ತಿಕೊಂಡರು.

"ನನಗೂ ಅವನನ್ನ ಕಳಿಸೋಕೆ ಮನಸ್ಸಿರಲಿಲ್ಲ ಮೇಡಂ," ಎಂದರು. ರೇಡಿಯೋ ಕಂಠ ಎಲ್ಲಿ ಹೋಗಿತ್ತೋ, ಯಾರೋ ಪಕ್ಕದ ಮನೆಯ ಮಾಮನ ದನಿಯ ಹಾಗಿತ್ತು. "ಆ ಭಾವ ಮಾತಾಡಿದಾಗಲೇ ನನ್ನ ಮನಸ್ಸು ಆ ಕಡೆ ಹೋಗಿತ್ತು. ಮನಸ್ಸು ಹೋಯ್ತಲ್ಲ ಅಂತಾನೇ ನನಗೆ ನನ್ನ ಮೇಲೆ ಅನುಮಾನ. ಬೆಳಿಗ್ಗೆ ನಿಮ್ಮ ಕರಡು ಓದಿದೆ. ಇಷ್ಟು ಖಚಿತವಾಗಿ ಬರೆದಿದಾರೆ ಅಂದ್ರೆ ಕಾನೂನು ಆ ಕಡೆ ಇರಬೇಕು, ನನ್ನದು ಬರೀ ಮೆತ್ತಗಿನ ಮನಸ್ಸು ಅಂದ್ಕೊಂಡು ಬಿಟ್ಟೆ."

ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಒಬ್ಬರಿಗೆ ಅವನನ್ನು ಬಿಡಬೇಕಿತ್ತು, ಇನ್ನೊಬ್ಬರಿಗೂ ಬಿಡಬೇಕಿತ್ತು, ಸರ್ಕಾರಿ ವಕೀಲರಿಗೂ ಅವನನ್ನು ಹಿಡಿದಿಡುವ ಆಸೆಯೇನೂ ಇರಲಿಲ್ಲ, ಏಟು ತಿಂದವನಿಗಂತೂ ಶೇವಿಂಗಿಗೆ ಅವನೇ ಬೇಕಿತ್ತು. ಎಲ್ಲರೂ ಸೇರಿ ಅವನನ್ನು ಕೆಳಗಿನ ಲಾಕಪ್ಪಿನಲ್ಲಿ ಕೂರಿಸಿದ್ದರು. ಇಂಥ ತಪ್ಪನ್ನು ಲಂಚ ತಿನ್ನುವವರು ಮಾಡಲಾರರು, ಸೋಮಾರಿಗಳು ಮಾಡಲಾರರು. ಇದಕ್ಕೆ ಇವರಷ್ಟು ಒಳ್ಳೆಯವರೇ ಆಗಬೇಕು.

"ಆದ್ರೆ ಕೋರ್ಟಲ್ಲಿ ಓದಿ ಆಯ್ತಲ್ಲ," ಎಂದರು ಸಾಹೇಬರು ಗೋಡೆ ಕಡೆ ನೋಡುತ್ತಾ. "ಇಷ್ಟು ವರ್ಷದಲ್ಲಿ ನಾನು ಆಡಿದ ಮಾತು ಒಂದನ್ನೂ ವಾಪಸ್ ತಗೊಂಡಿಲ್ಲ."

ನನ್ನ ಸಾಹೇಬರು ಬೇರೆ, ನಾನು ಅಲ್ಲಿ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಎಲ್ಲಿ ಕೇಳುತ್ತದೆ? "ಮಾತು ಹಿಂಪಡೆಯುವ ಅಧಿಕಾರ ಮಾತು ಕೊಟ್ಟವರಿಗಲ್ಲದೆ ಇನ್ನಾರಿಗೂ ಇಲ್ಲ ಅಂತ ಬೆಳಿಗ್ಗೆ ತಾವೇ ಓದಿದ್ರಿ ಸರ್. ತುಂಬ ಚೆನ್ನಾಗಿ ಓದಿದ್ರಿ," ಎಂದೆ.

ಸಾಹೇಬರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಗಂಟೆ ಒತ್ತಿ ಗುಮಾಸ್ತರನ್ನು ಕರೆದು ಎರಡೂ ಕಡೆಯವರನ್ನು ವಾಪಸ್ ಕರೆಸಲು ಹೇಳಿದರು. ಅವನನ್ನು ಮೇಲೆ ತನ್ನಿ ಎಂದರು. ನಾನು ತಕ್ಕಡಿಯನ್ನು ಬೀರುಗಳ ಮಧ್ಯೆ ಎಳೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂರಿಸಿದೆ.

ಕೋರ್ಟು ಮತ್ತೆ ಸೇರಿತು. ಬೆಳಿಗ್ಗೆ ಓದಿದ ಆದೇಶಕ್ಕೆ ಸಹಿ ಹಾಕುವುದಿಲ್ಲ, ಮರುಪರಿಶೀಲನೆ ಮಾಡುತ್ತಿದ್ದೇನೆ, ಆಕ್ಷೇಪಣೆ ಇದೆಯೇ ಎಂದು ಸಾಹೇಬರು ಕೇಳಿದರು. ಸರ್ಕಾರಿ ವಕೀಲರು ಎದ್ದು ಇಲ್ಲ ಎಂದು ಕೂತುಬಿಟ್ಟರು. ಸಾಹೇಬರು ಇನ್ನೊಂದು ಕರಡು ಕೈಗೆತ್ತಿಕೊಂಡರು.

ಅವರ ಜೀವಮಾನದಲ್ಲೇ ಅಷ್ಟು ಕೆಟ್ಟದಾಗಿ ಓದಿರಲಾರರು. ಎರಡನೇ ಪ್ಯಾರಾದಲ್ಲಿ ಎಡವಿದರು, ನಾಲ್ಕನೆಯದರಲ್ಲಿ ಕೆಮ್ಮಿದರು. ಐದನೆಯದಕ್ಕೆ ಬಂದಾಗ "ಪರಿಗಣಿಸತಕ್ಕದ್ದಲ್ಲವೆಂಬುದಾಗಿ" ಎಂಬಲ್ಲಿ ಉಸಿರು ಸಾಲದೆ ನಿಂತರು, ಮತ್ತೆ ಮೊದಲಿಂದ ಶುರು ಮಾಡಿದರು. ತಕ್ಕಡಿ ಅಂಗೈಯಲ್ಲಿ ಮುಖ ಹುದುಗಿಸಿಕೊಂಡಿದ್ದಳು. ಕ್ಷೌರಿಕ ಇಬ್ಬರು ಪೊಲೀಸರ ನಡುವೆ ನಿಂತು, ಸಾಹೇಬರ ತುಟಿಯನ್ನೇ ನೋಡುತ್ತಾ, ಒಂದು ಪದವೂ ಹಿಡಿತಕ್ಕೆ ಸಿಗದೆ ಬೆವರುತ್ತಿದ್ದ. ಕೊನೆಗೆ ತಡೆಯಲಾರದೆ ಕೈಮುಗಿದ.

"ಸ್ವಾಮಿ, ತಪ್ಪು ತಿಳ್ಕೋಬೇಡಿ. ಅಂದ್ರೆ ನಾನು ಒಳಗಾ, ಹೊರಗಾ?"

ಸಾಹೇಬರು ಕಾಗದ ಕೆಳಗಿಟ್ಟರು. ಕನ್ನಡಕ ತೆಗೆದರು. "ಹೊರಗಪ್ಪ. ಮನೆಗೆ ಹೋಗು. ಕೆಲಸಕ್ಕೆ ಹೋಗು, ಆ ಬೀದಿಗೂ ಹೋಗು. ಭಾವನಿಗೆ ಶೇವ್ ಮಾಡು. ಸ್ಟೂಲು ಮಾತ್ರ ಮುಟ್ಟಬೇಡ."

ಇಷ್ಟನ್ನು ಅವರು ತೊಡರದೆ ಹೇಳಿದರು.

ಅಕ್ಕ ಎದ್ದು ಬಂದವಳು ತಮ್ಮನ ಬೆನ್ನಿಗೆ ಒಂದು ಗುದ್ದು ಗುದ್ದಿ, ಆಮೇಲೆ ಅವನನ್ನು ತಬ್ಬಿಕೊಂಡು ಜೋರಾಗಿ ಅತ್ತಳು. ಭಾವ ಜೇಬೆಲ್ಲ ತಡಕಾಡಿ ಹಿತ್ತಾಳೆ ಬಿಲ್ಲೆ ಹುಡುಕಿ ತೆಗೆದು, "ತಗೋ ಮಾರಾಯ. ನಾಳೆ ಬೆಳಿಗ್ಗೆ ಬರ್ತೀನಿ, ನೋಡು, ಎಷ್ಟು ಬೆಳೆದಿದೆ" ಎಂದು ಗಲ್ಲ ಸವರಿ ತೋರಿಸಿದ. ನನ್ನ ಕಣ್ಣು ಯಾಕೋ ಮಂಜಾಯಿತು. ತಕ್ಕಡಿಯನ್ನು ನೋಡಿದೆ. ಅವಳು ನಗುತ್ತಿದ್ದಳು, ಮುಖ ಬಿಗಿ ಮಾಡಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ.

ಸಂಜೆ ಫೈಲು ಕೊಡಲು ನಾವಿಬ್ಬರೂ ಮತ್ತೆ ಚೇಂಬರಿಗೆ ಹೋದೆವು. ಎಲ್ಲ ಸುಸೂತ್ರವಾಯಿತು ಎಂಬ ಖುಷಿಯಲ್ಲಿ ನಾನು ತಮಾಷೆ ಮಾಡಿದೆ. "ಇನ್ಮೇಲೆ ಸುಲಭ ಸರ್. ಇವಳು ಕೆಟ್ಟದಾಗಿ ಬರೆದಿದ್ದನ್ನ ಓದಿಬಿಡಿ, ಅದೇ ಸರಿ ಇರುತ್ತೆ."

ಸಾಹೇಬರು ನಗಲಿಲ್ಲ. ಸಹಿ ಹಾಕಿದ ಆದೇಶವನ್ನು ಪಕ್ಕಕ್ಕಿಟ್ಟು, ಫ್ಲಾಸ್ಕಿನ ಮುಚ್ಚಳವನ್ನು ಬಿಗಿ ಮಾಡುತ್ತಲೇ ಇದ್ದರು, ಅದು ಆಗಲೇ ಬಿಗಿಯಾಗಿತ್ತು.

"ಮೇಡಂ, ಯಾವಾಗಲೂ ಹಾಗೇ ಬರೀತಿದ್ರಾ?" ಎಂದು ತಕ್ಕಡಿಯನ್ನು ಕೇಳಿದರು.

"ಹೌದು ಸರ್."

"ಆ ಹಾಲಿನ ವ್ಯಾನಿನ ಡ್ರೈವರನ ಹಳೇ ಕೇಸು? ಜೈಲು ಅಂತ ನಾನು ಓದಿದಾಗ ಕೋರ್ಟೆಲ್ಲ ಸ್ತಬ್ಧ ಆಗಿತ್ತಲ್ಲ?"

ತಕ್ಕಡಿ ನೆಲ ನೋಡಿದಳು. ಒಂದು ಕಡೆಯಿಂದ ಎನ್ನಲಿಲ್ಲ, ಇನ್ನೊಂದು ಕಡೆಯಿಂದ ಎನ್ನಲಿಲ್ಲ. ಆ ಡ್ರೈವರು ಇನ್ನೂ ಒಳಗಿದ್ದಾನೆ.

ಸಾಹೇಬರು ಎದ್ದು ಅಂಗಳದ ಕಡೆಯ ಕಿಟಕಿ ತೆರೆದರು. ವ್ಯಾನು ಅಲ್ಲೇ ನಿಂತಿತ್ತು, ಖಾಲಿ. ಗಾಳಿ ಒಳಗೆ ಬಂತು. ಗಂಟಲಿನ ಚಿಂತೆಯನ್ನು ಅವರು ಮಾಡಲಿಲ್ಲ.

"ನಾಳೆಯಿಂದ ನಮ್ಮ ಹಳೇ ಫೈಲುಗಳನ್ನೆಲ್ಲ ತರಿಸಿ ಮೇಡಂ," ಎಂದರು. "ಚೆನ್ನಾಗಿ ಬರೆದಿದ್ದನ್ನ ಮೊದಲು ತನ್ನಿ."